ಇತರೆ ವಿಷಯ

ಸಭೆ ಹನ್ನೊಂದಕ್ಕೆ ಎಂದಿತ್ತು. ಹನ್ನೆರಡಾಗುತ್ತ ಬಂದಾಗ
ಇಂಜಿನಿಯರ್ ಹಾಲಸ್ವಾಮಿ ವಾರ್ಡಿನ ನಕ್ಷೆ ಬಿಚ್ಚಿದರು.
ಸುರುಳಿ ಸುತ್ತಿಕೊಳ್ಳದಂತೆ ಮೂಲೆಗೊಂದು ಭಾರ:
ಪಂಚಿಂಗ್ ಮಷಿನ್ನು, ಯಾರದೋ ಮೊಬೈಲು,
ಗೋಂದಿನ ಬಾಟಲಿ, ನನ್ನ ಊಟದ ಡಬ್ಬಿ.

ನಾನು ನಡಾವಳಿ ಬರೆಯುವವಳು.
ಮಾತು ಎಷ್ಟೇ ಹಾರಾಡಲಿ, ಕೊನೆಗೆ ಹಿಡಿದು ತಂದು
‘ತೀರ್ಮಾನಿಸಲಾಯಿತು’ ಎಂಬ ಗೂಟಕ್ಕೆ ಕಟ್ಟುತ್ತೇನೆ.

ಮೊದಲು ಗಾಡಿಯ ಹೊತ್ತು.
ಆರೂವರೆ ಎಂದರೆ ಕಾವೇರಿ ನೀರು ಬಿಡುವ ಸಮಯ.
ಎಂಟು ಎಂದರೆ ಅಷ್ಟರಲ್ಲಿ ಗಾರ್ಮೆಂಟ್ಸಿನ ಹೆಂಗಸರು
ಬೀಗ ಹಾಕಿಕೊಂಡು ಹೊರಟಿರುತ್ತಾರೆ,
ಗಂಟು ಕಟ್ಟಿದ ಕವರು ಕೈಯಲ್ಲೇ ಬಂದು
ತಿರುವಿನ ಟ್ರಾನ್ಸ್‌ಫಾರ್ಮರ್ ಬುಡ ಸೇರುತ್ತದೆ.
ಅಲ್ಲಿ ಹೋದ ವರ್ಷ ರಂಗೋಲಿ ಹಾಕಿಸಿದ್ದೆವು,
ಅದಕ್ಕೂ ಹಿಂದೆ ಮೂರು ಧರ್ಮದ ದೇವರ ಟೈಲ್ಸು.
ದೇವರೂ ಮೂಗು ಮುಚ್ಚಿಕೊಂಡು ನಿಂತದ್ದಾಯಿತು.

“ಎರಡು ಸಲ ಬರ್ಲಿ” ಎಂದಳು ಪುಟ್ಟಗೌರಿ, ಬಾಗಿಲ ಬಳಿಯಿಂದ.
ಅವಳ ಅರ್ಧ ದಿನದ ಸಂಬಳ ಅವಳ ಜೊತೆ ಅಲ್ಲೇ ನಿಂತಿತ್ತು.
ಡೀಸೆಲ್ಲಿನ ಲೆಕ್ಕ ಬಂತು.
ಬರೆದೆ: ಪರಿಶೀಲಿಸಲಾಗುವುದು.

ಹಸಿರು ಸ್ಕೆಚ್ ಪೆನ್ನು ಐದನೇ ಅಡ್ಡರಸ್ತೆಯನ್ನು
ಬೆಣ್ಣೆಯಂತೆ ದಾಟಿತು. ಡ್ರೈವರ್ ಅಂಜಿನಪ್ಪ ಕೆಮ್ಮಿದ.
“ಅಲ್ಲೊಂದ್ ಬಾಲ್ಕನಿ ರೋಡ್ ಮ್ಯಾಲೇ ಬಂದೈತೆ ಸಾ, ಗಾಡಿ ನುಗ್ಗಲ್ಲ.”
ನಕ್ಷೆಯಲ್ಲಿ ಬಾಲ್ಕನಿ ಇರುವುದಿಲ್ಲ.
ಪೆನ್ನಿನ ಗೆರೆ ಅಳಿಸುವುದೂ ಇಲ್ಲ; ಹಾಗಾಗಿ
ಗಾಡಿ ಹೋಗದ ಒಂದು ರಸ್ತೆ ಹಸಿರಾಗಿ ಉಳಿಯಿತು.

ಎಳನೀರು ಬುರುಡೆ ಹಸಿಯೋ ಒಣದೋ
ಎಂಬುದಕ್ಕೆ ಮುಕ್ಕಾಲು ಗಂಟೆ.
ಆಯುಧಪೂಜೆಯ ಮರುದಿನ ರಸ್ತೆಯಲ್ಲಿ ಸಿಗುವ
ಒಡೆದ ಬೂದುಗುಂಬಳಕ್ಕೆ ಅಂದಾಜುಪಟ್ಟಿಯಲ್ಲಿ ಕಲಮೇ ಇಲ್ಲ.

ನಿವೃತ್ತ ಬ್ಯಾಂಕ್ ಮ್ಯಾನೇಜರ್ ಶ್ರೀಕಂಠಯ್ಯನವರು ನಿಟ್ಟುಸಿರಿಟ್ಟರು:
“ಮೊದಲೇ ಚೆನ್ನಾಗಿತ್ತು. ಲಾರಿ ಬರೋದು, ಹೋಗೋದು.”
ಹೋಗೋದು ಎಂಬ ಜಾಗಕ್ಕೂ ಒಂದು ಹೆಸರಿತ್ತು,
ಹಾಳು ಕಲ್ಲುಕ್ವಾರಿ, ಕೊಳವೆಬಾವಿ, ಮದುವೆಗೆ ಬಂದ ಹುಡುಗಿಯರು.
ಆ ಊರಿನವರು ಲಾರಿಗೆ ಅಡ್ಡ ಮಲಗಿದ ಬೆಳಗ್ಗೆಯೇ
ನಾವು ‘ಹಸಿ’, ‘ಒಣ’ ಎಂದು ಅಕ್ಷರಾಭ್ಯಾಸಕ್ಕೆ ಕೂತದ್ದು.

ಒಣಕಸದ ಶೆಡ್ಡು ಬೇಕೆಂದು ಎಲ್ಲರೂ ಕೈಯೆತ್ತಿದರು.
ಎಲ್ಲಿ, ಎಂದಾಗ
ಎತ್ತಿದ ಕೈಗಳೇ ಒಬ್ಬರು ಇನ್ನೊಬ್ಬರ ಬೀದಿ ತೋರಿಸಿದವು.
ಪಾರ್ಕಿನ ಹಿಂದೆ? ವಾಕಿಂಗಿನವರು ಬಿಡುವುದಿಲ್ಲ.
ಶಾಲೆಯ ಪಕ್ಕ? ಛೇ.
ಸ್ಮಶಾನದ ಗೋಡೆಗೆ ಒರಗಿಸಿ?
ಯಾರೂ ತಕರಾರು ತೆಗೆಯಲಿಲ್ಲ.
ಸತ್ತವರು ಮನವಿಗೆ ಸಹಿ ಹಾಕುವುದಿಲ್ಲ.
“ನಮ್ಮವ್ವ ಆ ಗೋಡೆ ಪಕ್ಕನೇ ಮಲಗವಳೆ” ಎಂದ
ಟೀ ಹಂಚುತ್ತಿದ್ದ ತಿಮ್ಮರಾಯಿ, ಲೋಟಗಳಿಗೆ ಹೇಳುವಂತೆ.
ಬರೆದೆ: ಸರ್ವಾನುಮತದಿಂದ.

ಪೌರಕಾರ್ಮಿಕರ ಪರವಾಗಿ ಒಂದು ಸಹಿ ಬೇಕಿತ್ತು.
ಓಬಳಮ್ಮನನ್ನು ಕರೆದರು. ಹತ್ತೊಂಬತ್ತು ವರ್ಷದ ಕೆಲಸ;
ಚೀಲ ಎತ್ತಿದರೆ ಸಾಕು, ಯಾವ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ,
ಯಾರ ಮನೆಯಲ್ಲಿ ಕೂಸು ಹುಟ್ಟಿದೆ, ಹೇಳಬಲ್ಲಳು.
ಪೆನ್ನು ಹಿಡಿದವಳು ಸಹಿ ಹಾಕಲಿಲ್ಲ.
ಶೆಡ್ಡಿನ ನಕ್ಷೆಯನ್ನು ಆ ಕಡೆಯಿಂದ, ತಲೆಕೆಳಗಾಗಿ, ನೋಡಿದಳು.
ತಕ್ಕಡಿ ಇತ್ತು. ಅಮುಕುವ ಯಂತ್ರ, ಕ್ಯಾಮೆರಾ,
ಉದ್ಘಾಟನೆಯ ಕಲ್ಲಿಗೂ ಮೂರಡಿ ಜಾಗ.

“ನಲ್ಲಿ ಎಲ್ಲೈತೆ?” ಎಂದಳು.
“ಕೈ ತೊಳ್ಕೊಂಡು ತಾನೆ ಅನ್ನ ಉಣ್ಣೋದು?”

ಫ್ಯಾನು ಎರಡು ಸುತ್ತು ಜಾಸ್ತಿ ತಿರುಗಿತು.
ನಲ್ಲಿ ಕಾರ್ಯಸೂಚಿಯಲ್ಲಿ ಇರಲಿಲ್ಲ.
ಕೊನೆಯ ಪುಟದ ಕೊನೆಯಲ್ಲಿ ಬರೆದೆ:
ಅಧ್ಯಕ್ಷರ ಅಪ್ಪಣೆಯ ಮೇರೆಗೆ, ಇತರೆ ವಿಷಯ.

ಎಲ್ಲರೂ ಎದ್ದರು. ನನ್ನ ಡಬ್ಬಿ ಎತ್ತಿಕೊಂಡೆ,
ಆ ಮೂಲೆಯಿಂದ ವಾರ್ಡು ಸುರುಳಿ ಸುತ್ತಿಕೊಂಡಿತು.
ಊಟಕ್ಕೆ ಮುಂಚೆ ಕೈ ತೊಳೆಯಲು ಹೋದರೆ
ನಲ್ಲಿಯ ಮೇಲೆ, ಎರಡು ವರ್ಷದ ಹಿಂದೆ
ನಾನೇ ಟೈಪು ಮಾಡಿ ಅಂಟಿಸಿದ ಚೀಟಿ:
ಕಚೇರಿ ಸಿಬ್ಬಂದಿಗೆ ಮಾತ್ರ.

ಉಗುರಿನಿಂದ ಒಂದು ಮೂಲೆ ಎಬ್ಬಿಸಿದೆ.
ಗೋಂದು ನಮ್ಮ ಕಚೇರಿಯದೇ.
ಚೆನ್ನಾಗಿ ಹಿಡಿದಿತ್ತು.